ಕೊಸರು ಸಿಗುವ ಪೇಟೆ: ದಾವಣಗೆರೆಯ ಹಳೇ ಬೀದಿಗಳಲ್ಲಿ ಕಾಲ್ನಡಿಗೆ

(ಭಾನುವಾರ ಸಂಜೆ ದಾವಣಗೆರೆಯ ಒಂದು ವಾಚನಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದ ಸಂಗತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಊರಿನ ಬಗ್ಗೆ ಮಾತನಾಡಲು ನಿಂತವರು ಶಾಸನದಿಂದಲೋ ಅರಸರಿಂದಲೋ ಆರಂಭಿಸುವುದು ರೂಢಿ. ನಾನು ಒಂದು ಸೇರಿನಿಂದ ಆರಂಭಿಸುತ್ತೇನೆ. ಮಂಡಕ್ಕಿ ಅಳೆಯುವ ಸೇರು. ಅಂಗಡಿಯವನು ಅದನ್ನು ಚೀಲದೊಳಗೆ ಇಳಿಸಿ ಎತ್ತುತ್ತಾನೆ. ಮೇಲೆ ಗೋಪುರದ ಹಾಗೆ ಮಂಡಕ್ಕಿ ನಿಂತಿರುತ್ತದೆ. ಎಡಗೈಯನ್ನು ಅದರ ಮೇಲೆ ಕೊಡೆಯಂತೆ ಹಿಡಿದು, ಒಂದು ಕಾಳೂ ಚೆಲ್ಲದಂತೆ ನಿಮ್ಮ ಕೈಚೀಲಕ್ಕೆ ಸುರಿಯುತ್ತಾನೆ. ಎರಡು ಸೇರು, ಮೂರು ಸೇರು, ನಾಲ್ಕು. ಲೆಕ್ಕ ಮುಗಿಯಿತು, ದುಡ್ಡೂ ಆಯಿತು. ಆಗ ನಮ್ಮ ತಾಯಿ ಚೀಲದ ಬಾಯಿಯನ್ನು ಮುಚ್ಚದೆ ಸುಮ್ಮನೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಅವನು ಒಮ್ಮೆ ಅವರ ಮುಖ ನೋಡಿ, ಬೊಗಸೆ ತುಂಬ ಮಂಡಕ್ಕಿ ಎತ್ತಿ ಮೇಲೆ ಹಾಕುತ್ತಿದ್ದ. ಆ ಬೊಗಸೆಯೇ ಕೊಸರು. ಅದು ಬಿದ್ದ ಮೇಲೆಯೇ ಚೀಲದ ಬಾಯಿ ಮುಚ್ಚುತ್ತಿತ್ತು.

ಕೊಸರು ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದವೂ ಇದೆ: ಕೊಸರಾಡುವುದು. ಚೌಕಾಸಿ ಮಾಡುವುದು ಬೆಲೆಯ ವಿಷಯ. ಕೊಸರಾಡುವುದು ಬೆಲೆ ಒಪ್ಪಿಗೆಯಾದ ಮೇಲೆ ನಡೆಯುವ, ಸಂಬಂಧದ ವಿಷಯ. ಇದಕ್ಕೆ ಎದುರೆದುರು ಎರಡು ಮುಖ ಬೇಕು, ನಿಂತುಕೊಳ್ಳಲು ಒಂದಿಷ್ಟು ಜಾಗ ಬೇಕು, ಅವಸರವಿಲ್ಲದ ಎರಡು ನಿಮಿಷ ಬೇಕು. ಸ್ಕೂಟರಿನ ಮೇಲೆ ಒಂದು ಕಾಲೂರಿ, ಹಿಂದಿನವನ ಹಾರ್ನ್ ಕೇಳಿಸಿಕೊಳ್ಳುತ್ತ ಕೊಳ್ಳುವವನಿಗೆ ಕೊಸರು ಸಿಗುವುದಿಲ್ಲ. ಕೊಡುವ ಮನಸ್ಸು ಅಂಗಡಿಯವನಿಗೆ ಇಲ್ಲವೆಂದಲ್ಲ, ಕೊಡುವ ಹೊತ್ತೇ ಅವನಿಗೆ ಸಿಗುವುದಿಲ್ಲ. ನಾನು ಇವತ್ತು ಹೇಳಬೇಕಾದದ್ದೆಲ್ಲ ಈ ಎರಡು ನಿಮಿಷದ ಬಗ್ಗೆ, ಆ ಒಂದಿಷ್ಟು ಜಾಗದ ಬಗ್ಗೆ.

ಚಿತ್ರದುರ್ಗದ ಪೇಟೆ ಕೋಟೆಯ ನೆರಳಿನಲ್ಲಿ ಬೆಳೆದದ್ದು. ಅಲ್ಲಿ ರಂಗಯ್ಯನ ಬಾಗಿಲ ಬಳಿ ನಿಂತರೆ ಸಾಕು, ಪಾಳೆಯಗಾರರ ಕಾಲ ಕಣ್ಣಿಗೆ ಕಟ್ಟುತ್ತದೆ. 1997ರವರೆಗೆ ನಾವೂ ಆ ಜಿಲ್ಲೆಯವರೇ ಆಗಿದ್ದೆವು. ಆದರೆ ನಮ್ಮ ಊರಿಗೆ ಹೇಳಿಕೊಳ್ಳುವಂಥ ಕೋಟೆಯಿಲ್ಲ, ಅರಮನೆಯಿಲ್ಲ. ಹೊರಗಿನಿಂದ ಬಂದ ಗೆಳೆಯರು "ನಿಮ್ಮಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳಿದಾಗ ನಾವು ತಡವರಿಸಿ ಕುಂದವಾಡ ಕೆರೆಯನ್ನೋ ಗಾಜಿನ ಮನೆಯನ್ನೋ ತೋರಿಸುತ್ತೇವೆ. ನನ್ನ ಮಟ್ಟಿಗೆ ಈ ಊರಿನ ಚಾರಿತ್ರಿಕ ಸ್ಥಳವೆಂದರೆ ಮಂಡಿಪೇಟೆ.

ಹೈದರಾಲಿ ಈ ಊರನ್ನು ಅಪ್ಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಅದಕ್ಕೆ ಮೊದಲು ಇದೊಂದು ಸಣ್ಣ ಹಳ್ಳಿ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು ಇಲ್ಲಿಂದ ಪೂರ್ವದ ಕಡೆಗೆ ಹೋಗುತ್ತಿದ್ದವು. ಸುತ್ತಲಿನ ಕುರಿಗಳ ಉಣ್ಣೆಯಿಂದ ನೇಯ್ದ ಕಂಬಳಿ ಈ ಊರಿನ ಹೆಸರಾಂತ ಸರಕಾಗಿತ್ತು. ಅಂದರೆ ನಮ್ಮದು ಅಂಗಡಿ ಹಾಕುವುದಕ್ಕೆಂದೇ ಕರೆಸಿಕೊಂಡವರು ಕಟ್ಟಿದ ಊರು. ಬೀದಿಗಳ ಹೆಸರನ್ನೇ ನೋಡಿ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ, ಅದು ಮಂಡಿಪೇಟೆ. ಚೌಕಿ ಎಂದರೆ ಕಾವಲಿನ ಕಟ್ಟೆ, ಸುಂಕದ ಕಟ್ಟೆ, ಅದು ಚೌಕಿಪೇಟೆ. ಕಾಯಿಪೇಟೆಯ ಹೆಸರಿನಲ್ಲೇ ಕಾಯಿ ಕೂತಿದೆ. ಹಗೇದಿಬ್ಬ ಎಂಬ ಹೆಸರು ನನಗೆ ಎಲ್ಲಕ್ಕಿಂತ ಇಷ್ಟ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಕಣಜ. ಇವತ್ತು ಅದೊಂದು ವೃತ್ತ, ಆಟೋಗಳು ತಿರುಗುವ ಜಾಗ. ಆದರೆ ಆಟೋ ಹತ್ತಿ "ಹಗೇದಿಬ್ಬ" ಎಂದು ಹೇಳುವ ಪ್ರತಿಯೊಬ್ಬರೂ, ತಿಳಿದೋ ತಿಳಿಯದೆಯೋ, ನೆಲದಡಿಯ ಜೋಳದ ಮಾತನ್ನೇ ಆಡುತ್ತಿದ್ದಾರೆ.

ಆಮೇಲೆ ರೈಲು ಬಂತು. ಪುಣೆ–ಬೆಂಗಳೂರು ರಸ್ತೆ ಊರಿನ ನಡುವೆಯೇ ಹಾದುಹೋಯಿತು. ಹೆದ್ದಾರಿ ಹೊರಗೆ ಸರಿದರೂ ಅದನ್ನು ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತೇವೆ. ಹತ್ತಿಯ ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೂ ಬಂತು, ಗಿರಣಿಗಳು ಮುಚ್ಚಿಯೂ ಹೋದವು. ಭದ್ರಾ ನಾಲೆ ಬಂದು ಸುತ್ತ ಭತ್ತ ಬೆಳೆಯಿತು. ಈ ಒಂದೊಂದೂ ಪ್ರತ್ಯೇಕ ಉಪನ್ಯಾಸಕ್ಕೆ ಸಲ್ಲುವ ವಿಷಯ. ಇವೆಲ್ಲ ಬಂದರೂ ಹೋದರೂ ಪೇಟೆ ತಾನಿದ್ದ ಜಾಗದಲ್ಲೇ ಇತ್ತು ಎಂಬುದಷ್ಟನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಈಗ ನನ್ನ ಜೊತೆ ನಡೆಯಿರಿ. ರೈಲು ನಿಲ್ದಾಣದಿಂದ ಹೊರಟು, ಪಿ.ಬಿ. ರಸ್ತೆ ದಾಟಿ, ಗಡಿಯಾರ ಕಂಬದ ಬಳಿ ಪೇಟೆಯೊಳಗೆ ಸೇರಿ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ಹಗೇದಿಬ್ಬದ ಕಡೆಯಿಂದ ದುಗ್ಗಮ್ಮನ ಗುಡಿಗೆ ಹೋಗೋಣ. ಎಲ್ಲೂ ನಿಲ್ಲದೆ ಹೋದರೆ ಅರ್ಧ ಗಂಟೆಯ ದಾರಿ. ಎಲ್ಲೂ ನಿಲ್ಲದೆ ಹೋದವರನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅಂಗಡಿಗಳು ತೆರೆಯುವುದನ್ನು ನೋಡಬಹುದು. ಹೆಚ್ಚಿನವಕ್ಕೆ ಈಗ ಕಬ್ಬಿಣದ ಷಟರ್ ಬಂದಿದೆ. ಆದರೆ ಹಲಗೆ ಬಾಗಿಲಿನ ಅಂಗಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಉದ್ದುದ್ದ ಹಲಗೆಗಳು, ಒಂದೊಂದರ ಮೇಲೂ ಸುಣ್ಣದಲ್ಲಿ ಬರೆದ ಅಂಕೆ. ಒಂದು, ಎರಡು, ಮೂರು ಎಂದು ವರಸೆಯಲ್ಲೇ ತೆಗೆಯಬೇಕು, ರಾತ್ರಿ ಕೊನೆಯದರಿಂದ ಹಿಂದಕ್ಕೆ, ಅದೇ ಅಂಕೆಯ ಲೆಕ್ಕದಲ್ಲಿ ಕೂಡಿಸಬೇಕು. ಒಂದು ಅಂಕೆ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ. ಅಂಗಡಿಯ ಮುಂದೆ ಮೊಣಕಾಲೆತ್ತರದ ಕಟ್ಟೆ, ಮೇಲೆ ಮಾಳಿಗೆಯಲ್ಲಿ ಮನೆ, ಬೀದಿಯ ಕಡೆಗೆ ಚಾಚಿದ ಸೂರು. ಆ ಸೂರು ಮನೆಯವರಿಗೆ ಎಷ್ಟೋ, ಬೀದಿಯಲ್ಲಿ ನಡೆಯುವವರಿಗೂ ಅಷ್ಟೇ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಂದು ಸೂರಿನಿಂದ ಇನ್ನೊಂದು ಸೂರಿಗೆ ದಾಟುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ನೆರಳಿನಲ್ಲೇ ಹೋಗಬಹುದಾಗಿತ್ತು. ಕಟ್ಟೆಯ ಮೇಲೆ ಯಾರು ಬೇಕಾದರೂ ಕೂರಬಹುದಾಗಿತ್ತು. ಕೂತವರು ಏನಾದರೂ ಕೊಳ್ಳಲೇಬೇಕೆಂಬ ನಿಯಮ ಇರಲಿಲ್ಲ. ಸ್ವಲ್ಪ ಹೊತ್ತು ಕೂತವರು ಏನಾದರೂ ಕೊಳ್ಳುತ್ತಾರೆ ಎಂಬುದು ಅಂಗಡಿಯವರಿಗೆ ಗೊತ್ತಿತ್ತು.

ಜವಳಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಸೀಮೆಯಲ್ಲಿ ಮದುವೆ ನಿಶ್ಚಯವಾದರೆ ಮುಂದಿನ ಮಾತು "ಜವಳಿ ಯಾವಾಗ ತೆಗೆಯುವುದು?" ಎಂದು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯವರು ದಾವಣಗೆರೆಗೆ ಜವಳಿಗೆ ಬರುತ್ತಾರೆ. ಒಬ್ಬರೋ ಇಬ್ಬರೋ ಬರುವುದಿಲ್ಲ. ಎರಡೂ ಕಡೆಯ ಬೀಗರು, ಅತ್ತೆ, ಚಿಕ್ಕಮ್ಮ, ಬಣ್ಣ ಆರಿಸುವ ತಂಗಿ, ದುಡ್ಡಿನ ಚೀಲ ಹಿಡಿದ ದೊಡ್ಡಪ್ಪ, ಅಳುವ ಒಂದು ಮಗು. ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿ. ಅದರ ಮೇಲೆ ಎಲ್ಲರೂ ಅರ್ಧಚಂದ್ರಾಕಾರವಾಗಿ ಕೂರುತ್ತಾರೆ. ಸೀರೆಯ ಮಡಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ಒಮ್ಮೆ ಬೀಸಿದರೆ ಅದು ಅಷ್ಟುದ್ದಕ್ಕೂ ಬಿಚ್ಚಿಕೊಂಡು ಅಜ್ಜಿಯ ಕಾಲಿನ ಹತ್ತಿರ ಸೆರಗು ಬಂದು ನಿಲ್ಲುತ್ತದೆ. ಅಜ್ಜಿ ಸೆರಗನ್ನು ಮುಟ್ಟಿ ನೋಡುವುದಿಲ್ಲ, ತಿರುಗಿಸಿ ಹಿಂಬದಿಯನ್ನು ನೋಡುತ್ತಾಳೆ. ನೂಲಿನ ಗಂಟು ಅಲ್ಲಿ ಕಾಣುತ್ತದೆ ಎಂದು ಆಕೆಗೆ ಗೊತ್ತು. ಅಂಗಡಿಯವನಿಗೂ ಈ ಗುಂಪಿನಲ್ಲಿ ಯಾರ ಮುಖ ನೋಡಿ ಮಾತನಾಡಬೇಕೆಂದು ಆಗಲೇ ಗೊತ್ತಾಗುತ್ತದೆ. ಮದುಮಗಳಿಗೆ ಹತ್ತು ಸೀರೆ ತೋರಿಸಿ ಬೆಲೆಯನ್ನು ಅಜ್ಜಿಗೆ ಹೇಳುತ್ತಾನೆ.

ಇದಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅಲ್ಲಿಂದ ಎದ್ದು ಎಲ್ಲರೂ ನಡೆದೇ ಪಾತ್ರೆಯ ಅಂಗಡಿಗೆ, ಅಲ್ಲಿಂದ ಬಳೆಯ ಅಂಗಡಿಗೆ, ಅಲ್ಲಿಂದ ಚಿನ್ನದ ಕೆಲಸದವರ ಹತ್ತಿರ. ಹತ್ತಿಪ್ಪತ್ತು ಜನ ಜೊತೆಯಾಗಿ ನಡೆಯುತ್ತ, ಎರಡು ಗುಂಪಾಗಿ ಒಡೆದು, ಮತ್ತೆ ಒಂದು ಮೂಲೆಯಲ್ಲಿ ಕೂಡಿಕೊಂಡು, "ಅವರೆಲ್ಲಿ?" ಎಂದು ಹುಡುಕುತ್ತ ಸಾಗುತ್ತಾರೆ. ದೊಡ್ಡ ಮಳಿಗೆಯೊಂದರಲ್ಲಿ ಒಂದೇ ಸೂರಿನಡಿ ಎಲ್ಲವೂ ಸಿಗುತ್ತದೆ ನಿಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಮನೆತನದವರು ಒಬ್ಬರನ್ನೊಬ್ಬರು ಅರಿಯುವುದು ಈ ಬೀದಿಯ ನಡಿಗೆಯಲ್ಲಿ. ಹೊಸ ಬೀಗಿತ್ತಿ ಎಷ್ಟು ಕೊಸರಾಡುತ್ತಾಳೆ, ಹುಡುಗ ಯಾರ ಕೈಯಿಂದ ಭಾರದ ಚೀಲ ತೆಗೆದುಕೊಳ್ಳುತ್ತಾನೆ, ಎಲ್ಲವನ್ನೂ ಎಲ್ಲರೂ ನೋಡಿರುತ್ತಾರೆ. ನನ್ನ ಅಕ್ಕನ ಜವಳಿಯ ದಿನ ಭಾವ ನಮ್ಮ ಅಜ್ಜಿಯ ಚಪ್ಪಲಿಯನ್ನು ಆ ರಾಶಿಯಿಂದ ಹುಡುಕಿ ತಂದು ಕಾಲಿನ ಮುಂದೆ ಇಟ್ಟಿದ್ದನ್ನು ನಮ್ಮ ಮನೆಯಲ್ಲಿ ನಲವತ್ತು ವರ್ಷ ಹೇಳಿದ್ದಾರೆ.

ಜವಳಿ ಮುಗಿಯಿತೆಂದರೆ ಹಸಿವು. ಇಲ್ಲಿ ಬೆಣ್ಣೆ ದೋಸೆ.

ಊರಿನಲ್ಲಿ ಪ್ರಚಲಿತವಾಗಿರುವ ಕಥೆ ಹೀಗಿದೆ. 1928ರಲ್ಲಿ ಬೆಳಗಾವಿ ಸೀಮೆಯ ಬಿದಕಿ ಎಂಬ ಹಳ್ಳಿಯಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ಸಾವಳಗಿ ನಾಟಕ ಥಿಯೇಟರಿನ ಬಳಿ ರಾಗಿ ದೋಸೆ ಹಾಕಿ ಮಾರಿದರು. ಹತ್ತು ವರ್ಷದ ನಂತರ ಮಕ್ಕಳು ರಾಗಿಯ ಬದಲು ಅಕ್ಕಿಯ ಹಿಟ್ಟಿಗೆ ಬಂದರು, ಬೆಣ್ಣೆ ಹಾಕಿದರು. ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ನಾಟಕದ ಥಿಯೇಟರಿನ ಹತ್ತಿರ. ಇದು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರಂಥ ಕಲಾವಿದೆಯನ್ನು ಕೊಟ್ಟ ಊರು. ರಾತ್ರಿಯೆಲ್ಲ ನಾಟಕ ನೋಡುವವರಿಗೆ ಹಸಿವಾಗುತ್ತದೆ, ಕೂಗಳತೆಯಲ್ಲಿ ಒಂದು ಒಲೆ ಬೇಕಾಗುತ್ತದೆ. ಜನ ನಡೆದು ಬಂದು ನಡೆದು ಹೋಗುವ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಒಲೆ ಹೂಡಿದ್ದರಿಂದ ಇವತ್ತು ನಾಡಿನ ಎಲ್ಲ ಊರುಗಳಲ್ಲೂ ನಮ್ಮ ಊರಿನ ಹೆಸರಿನ ಫಲಕ ನೇತಾಡುತ್ತಿದೆ.

ಆ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ದಪ್ಪ ಕಬ್ಬಿಣದ ಹಂಚು, ಕೆಳಗೆ ಸೌದೆಯ ಉರಿ. ಪೊರಕೆಯಿಂದ ನೀರು ಚಿಮುಕಿಸಿದರೆ ಹಂಚು ಚುಯ್ ಎನ್ನುತ್ತದೆ. ಹಿಟ್ಟಿಗೆ ಅಕ್ಕಿ, ಉದ್ದು, ಮೆಂತ್ಯದ ಜೊತೆ ಮಂಡಕ್ಕಿಯನ್ನೂ ರುಬ್ಬಿರುತ್ತಾರೆ, ಅದರಿಂದಲೇ ಒಳಗೆ ಹತ್ತಿಯ ಮೃದು. ದೋಸೆಯನ್ನು ಕಾಗದದಂತೆ ಹರಡುವುದಿಲ್ಲ, ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ, ದಪ್ಪವಾಗಿ ಬಿಡುತ್ತಾರೆ. ಮೇಲೆಲ್ಲ ತೂತು ಬಿದ್ದು ಹಿಟ್ಟು ಬಿಳುಪು ಕಳೆದುಕೊಳ್ಳುವ ಹೊತ್ತಿಗೆ ಬೆಣ್ಣೆಯ ಮುದ್ದೆ ಬೀಳುತ್ತದೆ. ಅದು ಕರಗಿ ಅಂಚಿಗೆ ಹರಿದು ನೊರೆಯಾಗುತ್ತದೆ. ಅಂಚು ಕೆಂಪಾಯಿತೆಂದರೆ ಮಗುಚುತ್ತಾರೆ. ತಟ್ಟೆಗೆ ಬಂದಾಗ ಮೇಲೆ ಇನ್ನೊಂದು ಚೂರು ಬೆಣ್ಣೆ, ಪಕ್ಕದಲ್ಲಿ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಒಂದು ಬಟ್ಟಲು ತೆಳ್ಳನೆಯ ಕಾಯಿಚಟ್ನಿ. ಪಲ್ಯ ಬೇಡವೆಂದರೆ ಖಾಲಿ ದೋಸೆ, ಚಟ್ನಿಪುಡಿ ಮತ್ತು ಪಲ್ಯವನ್ನು ಮೇಲೆಯೇ ಹರಡಿ ಮಡಚದೆ ಕೊಟ್ಟರೆ ಓಪನ್ ದೋಸೆ. ಸಾಂಬಾರು ಕೇಳಬೇಡಿ. ಆ ಪಲ್ಯಕ್ಕೂ ಆ ಚಟ್ನಿಗೂ ಇರುವ ಹೊಂದಾಣಿಕೆಯಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಈ ದೋಸೆಯನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ದರೆ ಅರ್ಧ ದಾರಿಯಲ್ಲೇ ಅದರ ಗರಿ ಹೋಗಿ ತೊಗಲಾಗುತ್ತದೆ. ಅದನ್ನು ಹಂಚಿನ ಹತ್ತಿರವೇ ತಿನ್ನಬೇಕು. ಅದಕ್ಕಾಗಿ ಅಲ್ಲಿಗೇ ಹೋಗಬೇಕು.

ಮಧ್ಯಾಹ್ನಕ್ಕೆ ಖಾನಾವಳಿಗಳಿವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಒಂದು ಹೊಟ್ಟೆಗೆ ಎಷ್ಟು ಬೇಕೋ ಅಷ್ಟು.

ಸಂಜೆ ಬೇರೆಯದೇ ಲೋಕ. ಐದು ಗಂಟೆಯ ಹೊತ್ತಿಗೆ ಬಾಣಲೆಗಳು ಕಾಯುತ್ತವೆ. ಒಗ್ಗರಣೆ ಹಾಕಿದ ಮಂಡಕ್ಕಿ, ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಯಾವುದೇ ಇರಲಿ, ಜೊತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿ. ನಾವು ಅದಕ್ಕೆ ಬಜ್ಜಿ ಎನ್ನುವುದಿಲ್ಲ, ಮಿರ್ಚಿ ಎನ್ನುತ್ತೇವೆ. ಒಂದು ಮುಷ್ಟಿ ಮಂಡಕ್ಕಿ, ಒಂದು ಕಡಿ ಮಿರ್ಚಿ, ಮೂಗಿನಲ್ಲಿ ನೀರು, ಮೇಲೆ ಚಹಾ. ಗಿರಣಿಯ ಪಾಳಿ ಬಿಟ್ಟು ಬರುವ ಕೆಲಸಗಾರರಿಗೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸಿದ ತಿಂಡಿ ಇದು. ಗಿರಣಿಯ ಕೂಗು ನಿಂತು ಎಷ್ಟೋ ಕಾಲವಾಯಿತು, ಬಾಣಲೆ ಮಾತ್ರ ಅದೇ ಹೊತ್ತಿಗೆ ಕಾಯುತ್ತಿದೆ. ಮಂಡಕ್ಕಿ ಬರುವುದು ನಮ್ಮ ಭಟ್ಟಿಗಳಿಂದಲೇ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ, ಕಾದ ಮರಳಿಗೆ ಹಾಕಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರಳುತ್ತದೆ. ಆ ಬಿಸಿ ಮತ್ತು ಹೊಗೆಯಲ್ಲಿ ದಿನವಿಡೀ ನಿಲ್ಲುವ ಹೆಂಗಸರು, ಗಂಡಸರು ಇದ್ದಾರೆ. ಅವರ ದುಡಿಮೆ ನಮ್ಮ ಬಾಯಿಗೆ ಹಗುರವಾಗಿ ಬರುತ್ತದೆ. ತಿನ್ನುವಾಗ ಒಮ್ಮೆ ಅವರನ್ನು ನೆನೆಯಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನೋವಿನ ಮಾತನ್ನೂ ಹೇಳಬೇಕು.

ಮೂರು ವರ್ಷದ ಹಿಂದೆ ನಮ್ಮ ತಾಯಿ, ಆ ಕೊಸರಿನ ತಾಯಿ, ಇದೇ ಪೇಟೆಯಲ್ಲಿ ಬಿದ್ದರು. ಚರಂಡಿಯ ಮೇಲಿನ ಚಪ್ಪಡಿ ಒಂದು ಮೂಲೆಯಲ್ಲಿ ಒಡೆದಿತ್ತು. ಪಕ್ಕದಲ್ಲಿ ಸಾಲಾಗಿ ಬೈಕುಗಳು. ನಡೆಯಲು ಉಳಿದಿದ್ದು ಆ ಚಪ್ಪಡಿಯೊಂದೇ. ಕಾಲು ಒಳಗೆ ಹೋಯಿತು. ಅಂಗಡಿಯವರೇ ಎತ್ತಿ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟು, ಆಟೋ ಕರೆಸಿದರು. ಮೂಳೆ ಕೂಡಿತು, ಆದರೆ ಅಂದಿನಿಂದ ಅವರು ಪೇಟೆಗೆ ಹೋಗಿಲ್ಲ. ಅರವತ್ತು ವರ್ಷ ವಾರಕ್ಕೆರಡು ಸಲ ಹೋದವರು. ಈಗ ಬೇಕಾದದ್ದನ್ನು ನಾನು ತಂದು ಕೊಡುತ್ತೇನೆ. ಅವರು ಚೀಲ ಬಿಚ್ಚಿ ನೋಡಿ ಕೇಳುವ ಮೊದಲ ಪ್ರಶ್ನೆ, "ಯಾರು ಇದ್ದರು ಅಂಗಡಿಯಲ್ಲಿ?"

ಒಂದು ಪೇಟೆಗೆ ಮುದುಕಿಯರು ಬರುವುದನ್ನು ನಿಲ್ಲಿಸಿದರೆ ಅದು ಮೊದಲ ಎಚ್ಚರಿಕೆ. ಆಮೇಲೆ ಮಗುವನ್ನು ಎತ್ತಿಕೊಂಡ ತಾಯಂದಿರು ನಿಲ್ಲಿಸುತ್ತಾರೆ. ಇನ್ನೊಂದು ಮಾತನ್ನು ಹೇಳಲು ಸಂಕೋಚಪಡುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಜವಳಿಗೆ ಬಂದು ಸಂಜೆ ಆರಕ್ಕೆ ಬಸ್ ಹತ್ತುವ ಹಳ್ಳಿಯ ಹೆಣ್ಣುಮಕ್ಕಳು ಅಷ್ಟು ಹೊತ್ತೂ ನೀರು ಕುಡಿಯದೆ ಇರುತ್ತಾರೆ. ಹೋಗುವುದಕ್ಕೆ ಶುಚಿಯಾದ ಶೌಚಾಲಯ ಹತ್ತಿರದಲ್ಲಿ ಸಿಗುವುದಿಲ್ಲ ಎಂಬ ಭಯಕ್ಕೆ. ಲಕ್ಷಗಟ್ಟಲೆ ರೂಪಾಯಿಯ ವ್ಯಾಪಾರ ಕೊಡುವ ಹೆಣ್ಣುಮಕ್ಕಳಿಗೆ ಇಷ್ಟು ಮಾಡದ ಪೇಟೆ ತನ್ನ ಅನ್ನದಾತರನ್ನೇ ಮರೆತಂತೆ. ನನಗೆ ಇದಕ್ಕಿಂತ ದೊಡ್ಡ ದೂರು ಬೇರೆ ಇಲ್ಲ.

ಪರಿಹಾರದ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ: ರಸ್ತೆ ಅಗಲ ಮಾಡಿ. ಅಗಲ ಮಾಡಿದರೆ ಮೊದಲು ಹೋಗುವುದು ಕಟ್ಟೆ ಮತ್ತು ಸೂರು. ನೆರಳು ಹೋಯಿತು, ಕೂರುವ ಜಾಗ ಹೋಯಿತು, ಹಲಗೆ ಬಾಗಿಲು ಹೋಯಿತು. ಬಂದ ಜಾಗದಲ್ಲಿ ಇನ್ನಷ್ಟು ವಾಹನ ಬಂದು ನಿಂತಿತು. ಪೇಟೆಯನ್ನು ಉಳಿಸಲು ಹೋಗಿ ಪೇಟೆಯನ್ನೇ ಕೆಡವಿದಂತಾಯಿತು. ಈ ಬೀದಿಗಳು ನಡೆಯುವವರ ಮತ್ತು ಎತ್ತಿನ ಗಾಡಿಗಳ ಅಳತೆಗೆ ಹುಟ್ಟಿದವು. ಆ ಅಳತೆಯಲ್ಲಿ ಕಾರಿನ ಊರನ್ನು ತುರುಕಲು ಹೋದಾಗ ಕಿರಿದಾಗಿ ಕಾಣುತ್ತವೆ. ನಡೆಯುವವರಿಗೆ ಅವು ಇಂದಿಗೂ ಸಾಕಷ್ಟು ಅಗಲವಾಗಿಯೇ ಇವೆ.

ಇದು ಊಹೆಯ ಮಾತಲ್ಲ, ನಾವೇ ಕಣ್ಣಾರೆ ನೋಡಿದ್ದೇವೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಹಳೇ ಭಾಗದ ಬೀದಿಗಳಲ್ಲಿ ಕಾರಿರಲಿ, ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ಬೀದಿಯ ತುಂಬ ಜನವೇ. ಬಳೆ, ಬೆಂಡು ಬತ್ತಾಸು, ಮಂಡಕ್ಕಿ ಕಾರ, ಆಟಿಕೆ, ಕುಂಕುಮ. ಆ ದಿನಗಳಲ್ಲಿ ಪಾರ್ಕಿಂಗ್ ಇಲ್ಲವೆಂದು ಯಾವ ಅಂಗಡಿಯವರೂ ಬಾಗಿಲು ಹಾಕಿದ್ದನ್ನು ನಾನು ನೋಡಿಲ್ಲ. ಗಾಡಿಯನ್ನು ಎಲ್ಲೋ ದೂರದಲ್ಲಿ ಬಿಟ್ಟು ಜನ ನಡೆದೇ ಬರುತ್ತಾರೆ, ಕೈತುಂಬ ಕೊಂಡು ನಡೆದೇ ಹೋಗುತ್ತಾರೆ. ದೇವಿಯ ಹೆಸರಿನಲ್ಲಿ ಸಾಧ್ಯವಾಗುವುದು ವಾರದಲ್ಲಿ ಒಂದು ಸಂಜೆ ನಮ್ಮ ಮಕ್ಕಳ ಹೆಸರಿನಲ್ಲಿ, ನಮ್ಮ ತಾಯಂದಿರ ಹೆಸರಿನಲ್ಲಿ ಸಾಧ್ಯವಾಗಬಾರದೇ?

ಬೇರೆ ಕಡೆ ಮಾಡಿದ್ದಾರೆ. ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿಯವರೆಗೆ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ ಎಂಬ ನಿಯಮ ಮಾಡಿ, ಕೆಂಪು ಕಲ್ಲು ಹಾಸಿ, 2021ರಲ್ಲಿ ಬೀದಿಯನ್ನು ಜನರಿಗೆ ಬಿಟ್ಟುಕೊಟ್ಟರು. ನಿಯಮ ಮುರಿಯುವವರು ಅಲ್ಲೂ ಇದ್ದಾರೆ. ಆದರೂ ಅಷ್ಟು ದೊಡ್ಡ ಸಗಟು ಮಾರುಕಟ್ಟೆ ರಾತ್ರಿಯ ಹೊತ್ತು ಸರಕು ಇಳಿಸಿಕೊಳ್ಳಲು ಒಪ್ಪಿಕೊಂಡಿತು ಎಂಬುದು ನಮಗೆ ಗಮನಾರ್ಹ. ಮಂಡಿಪೇಟೆಗೂ ಲಾರಿ, ಟೆಂಪೋ ಬರಲೇಬೇಕು. ಯಾವ ಹೊತ್ತಿಗೆ ಎಂಬುದಷ್ಟೇ ಪ್ರಶ್ನೆ.

ಕಾಲುದಾರಿಯ ಅಳತೆಗೂ ಲೆಕ್ಕವಿದೆ. ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ಹೇಳುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಯಾವ ಅಡ್ಡಿಯೂ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂದರೆ ಆರು ಅಡಿ. ಎದುರು ಬದುರು ಬರುವ ಇಬ್ಬರು, ಒಬ್ಬರ ಕೈಯಲ್ಲಿ ಚೀಲವಿದ್ದರೂ, ತಾಗದೆ ದಾಟುವಷ್ಟು. ಅದರ ಎತ್ತರ 15 ಸೆಂಟಿಮೀಟರ್ ಮೀರಬಾರದು, ಮಂಡಿ ನೋವಿನವರೂ ಹತ್ತುವಂತಿರಬೇಕು. ನಮ್ಮ ಎಲ್ಲ ಬೀದಿಯಲ್ಲೂ ಆರು ಅಡಿ ಸಿಗುವುದಿಲ್ಲ. ಸಿಗದ ಕಡೆ ಬೀದಿಯನ್ನೇ ಒಂದು ಮಟ್ಟಕ್ಕೆ ತಂದು ಇಡೀ ಬೀದಿಯನ್ನು ಕಾಲುದಾರಿ ಮಾಡಬೇಕು.

ಬೀದಿ ವ್ಯಾಪಾರಿಗಳನ್ನು ಎತ್ತಿಸಿದರೆ ಜಾಗ ಸಿಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬುಟ್ಟಿಯಲ್ಲಿ ನಿಂಬೆಹಣ್ಣು ಇಟ್ಟುಕೊಂಡ ಹೆಂಗಸು ಎರಡು ಅಡಿ ಜಾಗ ಹಿಡಿಯುತ್ತಾಳೆ, ನಿಂತ ಕಾರು ಅವಳಂಥ ಏಳೆಂಟು ಜನರ ಜಾಗ ಹಿಡಿಯುತ್ತದೆ. ಆಕೆಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕು. ಪೇಟೆಯ ಬಗ್ಗೆ ಸಭೆ ಕರೆದಾಗ ಆ ನಿಂಬೆಹಣ್ಣಿನ ಹೆಂಗಸಿಗೂ ಒಂದು ಕುರ್ಚಿ ಇರಬೇಕು. ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಯುವತಿ ಶೌಚಾಲಯದ ವಿಷಯವನ್ನು ಸಭೆಯಲ್ಲಿ ಹೇಳಿದ್ದಕ್ಕೆ ಸಂತೋಷವಾಯಿತು ಎಂದಳು. ಹಿಂದಿನ ಸಾಲಿನಿಂದ ಹಿರಿಯ ವ್ಯಾಪಾರಿಯೊಬ್ಬರು ಎದ್ದು ನಿಂತರು. ಅವರ ಅಂಗಡಿ ಪೇಟೆಯ ಒಳಗೇ ಇದೆ, ಅವರ ತಂದೆಯ ಕಾಲದ್ದು. "ನೀವು ಹೇಳಿದ್ದು ಕೇಳಲು ಚೆನ್ನಾಗಿದೆ. ನನ್ನ ಗಿರಾಕಿಗಳೆಲ್ಲ ಬೈಕಿನಲ್ಲೇ ಬರುತ್ತಾರೆ. ಬಾಗಿಲ ಮುಂದೆ ಬೈಕ್ ನಿಲ್ಲಿಸಲು ಬಿಡದಿದ್ದರೆ ಅವರು ಬೇರೆ ಕಡೆ ಹೋಗುತ್ತಾರೆ. ನಷ್ಟ ನನಗೆ, ನಿಮಗಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ಆ ದಿಗಿಲು ನ್ಯಾಯವಾದದ್ದು.

ನಾನು ಅವರನ್ನು ಒಂದು ಮಾತು ಕೇಳಿದೆ. "ನಿಮ್ಮ ಬಾಗಿಲ ಮುಂದೆ ನಿಂತಿರುವ ಬೈಕುಗಳಲ್ಲಿ ಗಿರಾಕಿಗಳದ್ದು ಎಷ್ಟು, ನಿಮ್ಮ ಮತ್ತು ಅಕ್ಕಪಕ್ಕದ ಅಂಗಡಿಯವರದ್ದು ಎಷ್ಟು, ನೋಡಿದ್ದೀರಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಲೆಕ್ಕ ಹಾಕಿಲ್ಲ" ಎಂದರು. ನಾನೂ ಹಾಕಿಲ್ಲ ಎಂದೆ.

ಹಾಗಾಗಿ ಒಂದು ಮಾತಾಯಿತು. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಕೂರುವುದು. ನಡೆದು ಬಂದವರು ಯಾರು, ಬೈಕಿನಲ್ಲಿ ಬಂದವರು ಯಾರು, ಯಾರು ಎಷ್ಟು ಹೊತ್ತು ನಿಂತರು, ಯಾರು ಕೊಂಡರು, ಎಲ್ಲವನ್ನೂ ಸಂಜೆಯವರೆಗೆ ಬರೆಯುವುದು. ಅವರ ಲೆಕ್ಕ ಅವರ ಪುಸ್ತಕದಲ್ಲಿ, ನನ್ನದು ನನ್ನ ಪುಸ್ತಕದಲ್ಲಿ, ಕೊನೆಗೆ ಎರಡನ್ನೂ ಹೋಲಿಸುವುದು. ಮಧ್ಯಾಹ್ನ ಅಲ್ಲೇ ಪಕ್ಕದ ಖಾನಾವಳಿಯಿಂದ ರೊಟ್ಟಿ ತರಿಸುತ್ತೇನೆಂದು ಅವರು ಹೇಳಿದ್ದಾರೆ. ನಮ್ಮ ತಾಯಿಗೆ ಈ ವಿಷಯ ತಿಳಿಸಿದಾಗ ತಾವೂ ಬರುತ್ತೇನೆಂದರು. ಆಟೋವನ್ನು ಕಟ್ಟೆಯ ಪಕ್ಕಕ್ಕೇ ತರಿಸಬೇಕು, ಆ ಚಪ್ಪಡಿಯ ಕಡೆಯಿಂದ ಬೇಡ ಎಂದಿದ್ದಾರೆ.